ಆರು ಗೆರೆ, ಐನೂರು ವರ್ಷ

ಗಿಟಾರ್ ಕಲಿಯಲು ಶುರುಮಾಡಿದವರು ಟ್ಯಾಬ್ ನೋಡಿ, ಎಂದರೆ ಯಾವ ತಂತಿಯಲ್ಲಿ ಎಲ್ಲಿ ಬೆರಳಿಡಬೇಕೆಂದು ತೋರಿಸುವ ಲಿಪಿ ನೋಡಿ, ನುಡಿಸಿದರೆ ಅದನ್ನು ಸಂಗೀತ ಓದುವುದೆಂದು ಒಪ್ಪದವರು ಇನ್ನೂ ಇದ್ದಾರೆ. ಐದು ಗೆರೆಗಳ ಸ್ಟಾಫ್ ನೊಟೇಷನ್ ಓದಲು ಬಾರದವರಿಗಾಗಿ ಇತ್ತೀಚೆಗೆ ಯಾರೋ ಹುಡುಕಿಕೊಟ್ಟ ಅಡ್ಡದಾರಿ ಅದು ಎಂಬುದು ಅವರ ನಂಬಿಕೆ. ಮೈಸೂರಿನಲ್ಲಿ ಬಹಳ ಕಾಲದಿಂದ ಸಂಜೆ ಹೊತ್ತು ಶಾಲೆಯ ಮಕ್ಕಳಿಗೆ, ಕೆಲಸದಿಂದ ನಿವೃತ್ತರಾದವರಿಗೆ ಗಿಟಾರ್ ಹೇಳಿಕೊಡುತ್ತಿರುವ ನನಗೆ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಬೇಸರವಾಗುತ್ತದೆ. ಟ್ಯಾಬ್ ಸುಲಭ ಎಂಬುದು ನಿಜ. ಇತ್ತೀಚಿನದು ಎಂಬುದು ಸುಳ್ಳು. ಲ್ಯೂಟ್ ವಾದ್ಯಕ್ಕೆಂದು ಅಚ್ಚಾಗಿ ಇಂದಿಗೂ ಉಳಿದಿರುವ ಪುಸ್ತಕಗಳಲ್ಲಿ ಮೊಟ್ಟಮೊದಲನೆಯದೇ ಟ್ಯಾಬ್‌ನಲ್ಲಿದೆ. ಅದು ಹೊರಬಂದದ್ದು ವೆನಿಸ್ ನಗರದಲ್ಲಿ, 1507ರಲ್ಲಿ.

ಮುದ್ರಿಸಿದವನು ಒಟ್ಟಾವಿಯಾನೊ ಪೆಟ್ರುಚ್ಚಿ. ಅಚ್ಚುಮೊಳೆ ಬಳಸಿ ಬಹುಧ್ವನಿ ಸಂಗೀತವನ್ನು ಮೊದಲು ಅಚ್ಚುಹಾಕಿದ ಕೀರ್ತಿ ಅವನದು. 1498ರಲ್ಲೇ ವೆನಿಸ್ ಸರ್ಕಾರದಿಂದ ಇಪ್ಪತ್ತು ವರ್ಷಗಳ ಏಕಸ್ವಾಮ್ಯದ ಅಪ್ಪಣೆ ಪಡೆದಿದ್ದ. ಆ ಅಪ್ಪಣೆಯಲ್ಲಿ ಹಾಡುಗಾರಿಕೆಯ ಜೊತೆಗೆ ಆರ್ಗನ್ ಮತ್ತು ಲ್ಯೂಟ್ ಟ್ಯಾಬ್‌ಗಳೂ ಸೇರಿದ್ದವು. 1507ರಲ್ಲಿ ತನ್ನೂರಾದ ಫೊಸ್ಸೊಂಬ್ರೋನೆಯವನೇ ಆದ ಫ್ರಾನ್ಚೆಸ್ಕೊ ಸ್ಪಿನಾಚಿನೊ ಎಂಬ ವಾದಕನ ಎರಡು ಲ್ಯೂಟ್ ಪುಸ್ತಕಗಳನ್ನು ಹೊರತಂದ. ಪುಸ್ತಕದ ಆರಂಭದಲ್ಲಿ ಲ್ಯಾಟಿನ್ ಮತ್ತು ಇಟಾಲಿಯನ್ ಎರಡೂ ಭಾಷೆಗಳಲ್ಲಿ ಒಂದು ಪುಟದ ಸೂಚನೆ ಇದೆ. ಹಾಡಲು, ಎಂದರೆ ಆ ಕಾಲದ ಸ್ವರಲಿಪಿ ಓದಿ ಹಾಡಲು, ಬಾರದವರಿಗಾಗಿ ಈ ನಿಯಮಗಳು ಎಂದು ಅದರ ತಲೆಬರಹವೇ ಸಾರುತ್ತದೆ. ಆರು ಗೆರೆಗಳು ಆರು ತಂತಿಗಳು. ಸೊನ್ನೆ ಎಂದರೆ ಒತ್ತದೆ ಬಿಟ್ಟ ತಂತಿ. 1 ಎಂದರೆ ಮೊದಲ ಫ್ರೆಟ್ (ವಾದ್ಯದ ಕೊರಳಿನ ಅಡ್ಡಪಟ್ಟಿ), 2 ಎಂದರೆ ಎರಡನೆಯದು. ಅಂಕಿಯ ಕೆಳಗೆ ಚುಕ್ಕೆ ಇದ್ದರೆ ಬೆರಳಿನಿಂದ ಮೇಲಕ್ಕೆ ಮೀಟಬೇಕು, ಇಲ್ಲದಿದ್ದರೆ ಕೆಳಕ್ಕೆ. ನನ್ನಲ್ಲಿಗೆ ಬರುವ ಹೊಸಬರಿಗೆ ಮೊದಲ ಪಾಠದಲ್ಲಿ ನಾನು ಹೇಳುವುದೂ ಹೆಚ್ಚು ಕಡಿಮೆ ಇಷ್ಟೇ. ಕಲಿಯುವವರಿಗೆ ಬಾಗಿಲು ತೆರೆಯುವುದೇ ಈ ಲಿಪಿಯ ಉದ್ದೇಶವೆಂದು ಮೊದಲ ಮುದ್ರಕನೇ ಬಾಯಿಬಿಟ್ಟು ಹೇಳಿರುವಾಗ, ಅದನ್ನು ಓದುವವರು ನಾಚಿಕೊಳ್ಳಬೇಕಾದ ಕಾರಣವೇನೂ ಇಲ್ಲ.

ಅಂಥ ಲಿಪಿ ಆಗಲೇ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ವಾದಕರ ಬಲಗೈಯಲ್ಲಿದೆ. ಅರಬರ ಊದ್‌ನಿಂದ ಬಂದ ಲ್ಯೂಟನ್ನು ಬಹುಕಾಲ ಗರಿಯ ಕಡ್ಡಿ ಹಿಡಿದು ಮೀಟುತ್ತಿದ್ದರು. ಹಾಗೆ ಮೀಟಿದಾಗ ಮುಖ್ಯವಾಗಿ ಒಂದೇ ರಾಗದೆಳೆ ಹೊರಡುತ್ತದೆ. ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ವಾದಕರು ಕಡ್ಡಿ ಬಿಟ್ಟು ಬೆರಳುಗಳಿಂದಲೇ ಮೀಟತೊಡಗಿದರು. ಹೆಬ್ಬೆರಳು ಮಂದ್ರದಲ್ಲಿ ಒಂದು ದಾರಿ ಹಿಡಿದರೆ ಉಳಿದ ಬೆರಳುಗಳು ಮೇಲೆ ಇನ್ನೆರಡು ದಾರಿ ಹಿಡಿಯಬಹುದಾಯಿತು. ನಾಲ್ಕು ಜನ ಸೇರಿ ಹಾಡುತ್ತಿದ್ದ ರಚನೆಯನ್ನು ಒಬ್ಬನೇ ಕೂತು ನುಡಿಸಬಹುದೆಂದ ಮೇಲೆ ನಾಲ್ಕು ಧ್ವನಿಗಳನ್ನು ಒಂದೇ ಕೈಗೆ ಹೇಳುವ ಬರಹ ಬೇಕೇಬೇಕಾಯಿತು.

ಒಂದು ಸಣ್ಣ ಲೆಕ್ಕ ನೋಡಿ. ಗಿಟಾರಿನ ಅತಿ ತೆಳು ತಂತಿಯನ್ನು ಒತ್ತದೆ ಮೀಟಿದರೆ ಬರುವ ಸ್ವರ ಎರಡನೆಯ ತಂತಿಯ ಐದನೇ ಫ್ರೆಟ್‌ನಲ್ಲೂ ಇದೆ, ಮೂರನೆಯದರ ಒಂಬತ್ತರಲ್ಲೂ ಇದೆ, ನಾಲ್ಕನೆಯದರ ಹದಿನಾಲ್ಕರಲ್ಲೂ ಇದೆ. ಸ್ವರ ಒಂದೇ, ನಾದದ ಬಣ್ಣ ನಾಲ್ಕು. ತೆಳು ತಂತಿಯಲ್ಲಿ ಅದು ಗಾಜಿನಂತೆ ಹೊಳೆಯುತ್ತದೆ, ಒಂಬತ್ತನೇ ಫ್ರೆಟ್‌ನಲ್ಲಿ ತುಂಬಿಕೊಂಡು ಬರುತ್ತದೆ. ಸ್ಟಾಫ್ ನೊಟೇಷನ್‌ನಲ್ಲಿ ಈ ನಾಲ್ಕಕ್ಕೂ ಇರುವುದು ಒಂದೇ ಗುರುತು. ಎಲ್ಲಿ ನುಡಿಸಬೇಕೆಂದು ತಿಳಿಸಲು ಪಕ್ಕದಲ್ಲಿ ಬೇರೆ ಅಂಕಿ ಬರೆಯಬೇಕು. ಟ್ಯಾಬ್ ನೇರವಾಗಿ ಜಾಗವನ್ನೇ ತೋರಿಸುತ್ತದೆ. ಪಿಯಾನೋದಲ್ಲಿ ಒಂದು ಸ್ವರಕ್ಕೆ ಒಂದೇ ಮನೆ. ಫ್ರೆಟ್ ಇರುವ ವಾದ್ಯದ ಸಂಗತಿ ಹಾಗಲ್ಲ. ಈ ವ್ಯತ್ಯಾಸ ಮರೆತು ಎರಡು ಲಿಪಿಗಳಲ್ಲಿ ಮೇಲು ಕೀಳು ಅಳೆಯುವುದು ನನಗಂತೂ ಸರಿ ಕಾಣುವುದಿಲ್ಲ.

ಪೆಟ್ರುಚ್ಚಿಗಿಂತ ಮೊದಲೇ ಜರ್ಮನ್ ಪ್ರಾಂತಗಳಲ್ಲಿ ಬೇರೊಂದು ಟ್ಯಾಬ್ ಚಾಲ್ತಿಗೆ ಬಂದಿತ್ತು. ಅದನ್ನು ಕಂಡುಹಿಡಿದವನು ನ್ಯೂರೆಂಬರ್ಗಿನ ಕೊನ್ರಾಡ್ ಪೌಮನ್ ಎಂದು 1511ರಲ್ಲಿ ಸೆಬಾಸ್ಟಿಯನ್ ವಿರ್ಡುಂಗ್ ಬರೆದಿದ್ದಾನೆ. ಪೌಮನ್ ಹುಟ್ಟುಕುರುಡ. ಆರ್ಗನ್ ವಾದನದಲ್ಲಿ ಅವನ ಕಾಲಕ್ಕೆ ಅವನೇ ಅಗ್ರಗಣ್ಯ. ಮ್ಯೂನಿಕ್ ಆಸ್ಥಾನದಲ್ಲಿದ್ದು 1473ರಲ್ಲಿ ತೀರಿಕೊಂಡ. ಅಲ್ಲಿನ ದೊಡ್ಡ ಚರ್ಚಿನಲ್ಲಿರುವ ಅವನ ಸಮಾಧಿಕಲ್ಲಿನ ಮೇಲೆ, ಪುಟ್ಟ ಆರ್ಗನ್ ಹಿಡಿದು ಕೂತ ಅವನ ಸುತ್ತ ಲ್ಯೂಟ್ ಸೇರಿದಂತೆ ಹಲವು ವಾದ್ಯಗಳನ್ನು ಕೆತ್ತಿದ್ದಾರೆ. ಗದಗಿನ ಪುಟ್ಟರಾಜ ಗವಾಯಿಗಳನ್ನು ಕಂಡ ಕನ್ನಡಿಗರಿಗೆ, ಕಣ್ಣಿಲ್ಲದ ಒಬ್ಬ ಸಂಗೀತಗಾರ ಇಷ್ಟೊಂದು ವಾದ್ಯಗಳಿಗೆ ಒಡೆಯನಾಗಿದ್ದ ಎಂದರೆ ನಂಬಲು ಕಷ್ಟವಾಗದು.

ಅವನ ಹೆಸರಿನಲ್ಲಿರುವ ಈ ಲಿಪಿಯಲ್ಲಿ ಗೆರೆಗಳೇ ಇಲ್ಲ. ಐದು ತಂತಿಗಳ ಲ್ಯೂಟಿನಲ್ಲಿ ಬಿಟ್ಟ ತಂತಿಗಳಿಗೆ 1ರಿಂದ 5. ಮೊದಲ ಫ್ರೆಟ್‌ನ ಮೇಲೆ ಅಡ್ಡಡ್ಡಲಾಗಿ ಐದು ತಂತಿಗಳಿಗೂ ಎ, ಬಿ, ಸಿ, ಡಿ, ಇ. ಎರಡನೇ ಫ್ರೆಟ್‌ಗೆ ಮುಂದಿನ ಐದು ಅಕ್ಷರ. ಹೀಗೆ ಸಾಗಿ ಆ ಕಾಲದ ವರ್ಣಮಾಲೆಯ 23 ಅಕ್ಷರಗಳೂ ಮುಗಿದಾಗ ಇನ್ನೆರಡು ಗುರುತು ಸೇರಿಸಿ ಐದನೇ ಫ್ರೆಟ್‌ವರೆಗಿನ 25 ಜಾಗಗಳನ್ನು ತುಂಬಿದ್ದಾರೆ. ಪ್ರತಿ ಜಾಗಕ್ಕೂ ತನ್ನದೇ ಒಂದು ಹೆಸರು. ಕಣ್ಣಿದ್ದವರಿಗೆ ಇದು ತೊಡಕಿನದು. 1529ರಲ್ಲಿ ಮಾರ್ಟಿನ್ ಅಗ್ರಿಕೋಲ ಈ ಪದ್ಧತಿಯನ್ನು ಕಟುವಾಗಿ ಟೀಕಿಸಿದ. ಲ್ಯೂಟಿಗೆ ಆರನೆಯ ತಂತಿ ಬಂದಾಗ ಅದಕ್ಕೆ ಅಕ್ಷರವೇ ಉಳಿದಿರಲಿಲ್ಲ, ಒಬ್ಬೊಬ್ಬರು ಒಂದೊಂದು ಗುರುತು ಹಾಕಿಕೊಂಡರು. ಆದರೂ ಇದರಲ್ಲಿ ನನಗೆ ಒಂದು ಜಾಣ್ಮೆ ಕಾಣುತ್ತದೆ. ಗೆರೆ ಬೇಡದ ಲಿಪಿಯನ್ನು ಬಾಯಲ್ಲಿ ಹೇಳಬಹುದು. ಕುರುಡ ಗುರು ಒಂದೊಂದೇ ಅಕ್ಷರ ಹೇಳುತ್ತ ಹೋದರೆ ಶಿಷ್ಯ ಬರೆದುಕೊಳ್ಳಬಹುದು, ತಪ್ಪಿಲ್ಲದೆ ತಿರುಗಿ ಓದಿ ಒಪ್ಪಿಸಲೂಬಹುದು. ವಿರ್ಡುಂಗನ ಮಾತು ದಿಟವಿರಬೇಕೆಂದು ನನಗೆ ಅನ್ನಿಸುವುದು ಇದರಿಂದಲೇ.

ಫ್ರಾನ್ಸಿನವರು ಗೆರೆ ಇಟ್ಟುಕೊಂಡು ಅಂಕಿಯ ಬದಲು ಅಕ್ಷರ ಹಾಕಿದರು: ಬಿಟ್ಟ ತಂತಿಗೆ ಎ, ಮೊದಲ ಫ್ರೆಟ್‌ಗೆ ಬಿ. ಪ್ಯಾರಿಸ್ಸಿನ ಪಿಯೆರ್ ಅತೆಂಯಾನ್ 1529ರಲ್ಲಿ ಇದನ್ನು ಅಚ್ಚಿಗೆ ತಂದ. ಇಂಗ್ಲೆಂಡಿನ ಜಾನ್ ಡೌಲಂಡ್ ಬರೆದದ್ದೂ ಇದೇ ಬಗೆಯಲ್ಲಿ.

ಹೊಸಬರು ಕೇಳುವ ಮೊದಲ ಪ್ರಶ್ನೆಗೂ ಈ ಇತಿಹಾಸದಲ್ಲಿ ಉತ್ತರವಿದೆ. ನನ್ನಲ್ಲಿಗೆ ಬರುತ್ತಿದ್ದ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ ಟ್ಯಾಬ್ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಮೇಷ್ಟ್ರೇ, ಇದು ತಲೆಕೆಳಗಾಗಿದೆಯಲ್ಲ? ದಪ್ಪ ತಂತಿ ನನ್ನ ಮೂಗಿನ ಹತ್ತಿರ ಮೇಲಿದೆ, ಹಾಳೆಯಲ್ಲಿ ನೋಡಿದರೆ ಕಡೇ ಗೆರೆ!" ಎಂದರು. ಅವರು ಕೇಳಿದ್ದು ಹದಿನಾರನೆಯ ಶತಮಾನದ ಪ್ರಶ್ನೆಯನ್ನೇ. ಪೆಟ್ರುಚ್ಚಿ ಮತ್ತು ಇಟಲಿಯವರು ಅವರ ಹಾಗೆಯೇ ಯೋಚಿಸಿದ್ದರು. ವಾದ್ಯ ತೊಡೆಯ ಮೇಲಿಟ್ಟು ಬಗ್ಗಿ ನೋಡಿದರೆ ಮೇಲೆ ಕಾಣುವುದು ದಪ್ಪ ತಂತಿ. ಆದ್ದರಿಂದ ಹಾಳೆಯಲ್ಲೂ ಮೇಲಿನ ಗೆರೆ ಅದರದೇ. ಫ್ರೆಂಚರು ಕಿವಿಯ ಮಾತು ಕೇಳಿದರು: ತಾರಸ್ವರ ಮೇಲೆ, ಮಂದ್ರ ಕೆಳಗೆ. ಸ್ಪೇನಿನಲ್ಲಿ ಬಹುಪಾಲು ವಾದಕರು ಇಟಲಿಯ ದಾರಿ ಹಿಡಿದರೆ, ವಾಲೆನ್ಸಿಯಾದ ಲೂಯಿಸ್ ಡಿ ಮಿಲಾನ್ ಒಬ್ಬ ಅಂಕಿಗಳನ್ನು ಉಳಿಸಿಕೊಂಡು ಗೆರೆಗಳನ್ನು ತಿರುಗಿಸಿದ. ಮೇಲೆ ತೆಳು ತಂತಿ, ಕೆಳಗೆ ದಪ್ಪ ತಂತಿ, ನಡುವೆ ಅಂಕಿಗಳು. 1536ರ ಅವನ ಆ ಜೋಡಣೆಯನ್ನೇ ಇಂದು ಜಗತ್ತಿನ ಗಿಟಾರ್ ಕಲಿಯುವ ಮಕ್ಕಳೆಲ್ಲ ಓದುತ್ತಿದ್ದಾರೆ.

ಮಿಲಾನನ 'ಎಲ್ ಮೇಸ್ತ್ರೊ' ಪುಸ್ತಕದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದು ವಿಹುಯೆಲಾ ಎಂಬ ವಾದ್ಯಕ್ಕೆ ಬರೆದದ್ದು. ಮೈಕಟ್ಟು ಗಿಟಾರಿನದು, ಶ್ರುತಿ ಲ್ಯೂಟಿನದು. ಎಂದೂ ವಾದ್ಯ ಮುಟ್ಟದ ಶಿಷ್ಯನಿಗೆ ಗುರು ಹೇಗೆ ಹಂತಹಂತವಾಗಿ ಕಲಿಸುತ್ತಾನೋ ಅದೇ ಕ್ರಮ ಈ ಪುಸ್ತಕದ್ದು ಎಂದು ಅವನೇ ವಿವರಿಸುತ್ತಾನೆ. ಹಾಡುಗಳು ಬಂದಾಗ ಹಾಡುಗಾರನ ರಾಗವನ್ನು ಟ್ಯಾಬ್‌ನೊಳಗೇ ಕೆಂಪು ಅಂಕಿಗಳಲ್ಲಿ ಅಚ್ಚುಹಾಕಿಸಿದ್ದಾನೆ. ಕಪ್ಪು ಅಂಕಿ ಪಕ್ಕವಾದ್ಯ, ಕೆಂಪು ಅಂಕಿ ಹಾಡು. ಎರಡು ಬಣ್ಣದ ಆ ಪುಟ ಎದುರಿಗಿದ್ದರೆ ಓದಲು ಕಲಿತ ಹುಡುಗನೂ ಇಡೀ ರಚನೆಯ ಒಳರಚನೆಯನ್ನು ಒಂದೇ ನೋಟದಲ್ಲಿ ಹಿಡಿಯಬಲ್ಲ. ಎಲ್ಲಿ ಬೇಗ ನುಡಿಸಬೇಕು, ಎಲ್ಲಿ ನಿಧಾನಿಸಬೇಕು ಎಂದೂ ಮಾತಿನಲ್ಲಿ ಬರೆದಿದ್ದಾನೆ. ಯುರೋಪಿನ ಮುದ್ರಿತ ಸಂಗೀತದಲ್ಲಿ ಗತಿಯ ಬಗ್ಗೆ ಸಿಗುವ ತೀರಾ ಮೊದಲ ಸೂಚನೆಗಳಲ್ಲಿ ಅವೂ ಸೇರುತ್ತವೆ.

ಹತ್ತು ವರ್ಷದ ಬಳಿಕ, 1546ರಲ್ಲಿ, ಸೆವಿಲ್ಯಾದಲ್ಲಿ ಅಲೊನ್ಸೊ ಮುದಾರ್ರನ ಮೂರು ಪುಸ್ತಕಗಳು ಬಂದವು. ಗಿಟಾರ್ ಎಂಬ ಹೆಸರಿನ ವಾದ್ಯಕ್ಕೆ ಅಚ್ಚಾದ ಅತಿ ಹಳೆಯ ರಚನೆಗಳು ಅವುಗಳಲ್ಲಿವೆ. ಆಗಿನ ಗಿಟಾರಿಗೆ ನಾಲ್ಕೇ ಸಾಲು ತಂತಿ. ಆದರೆ ವಾದಕರೆಲ್ಲ ಮುದಾರ್ರನನ್ನು ನೆನೆಯುವುದು ವಿಹುಯೆಲಾದ ಹತ್ತನೆಯ ಫ್ಯಾಂಟಸಿಗಾಗಿ. ಲುಡೊವಿಕೊ ಎಂಬ ಹಾರ್ಪ್ ವಾದಕನ ಶೈಲಿಯನ್ನು ಅದು ಅನುಕರಿಸುತ್ತದೆ. ಕೊನೆಯ ಭಾಗಕ್ಕೆ ಬರುವಾಗ ಅಪಸ್ವರದಂತೆ ಕೇಳುವ ಸ್ವರಗಳು ಒಂದರ ಮೇಲೊಂದು ಬೀಳುತ್ತವೆ. ಅಚ್ಚಿನ ತಪ್ಪೆಂದು ಓದುಗ ತಿದ್ದಿಬಿಟ್ಟಾನೆಂದು ಮುದಾರ್ರ ಅಲ್ಲೇ ಒಂದು ಟಿಪ್ಪಣಿ ಹಾಕಿಸಿದ್ದಾನೆ: ಇಲ್ಲಿ ಕೆಲವು ತಪ್ಪುಸ್ವರಗಳಂತೆ ಕೇಳುತ್ತವೆ, ಚೆನ್ನಾಗಿ ನುಡಿಸಿದರೆ ಕೆಟ್ಟದಾಗಿ ತೋರವು ಎಂಬುದು ಅದರ ಸಾರ. ಆ ಜಾಗಕ್ಕೆ ಬಂದಾಗ ನನಗೆ ಅವನು ಪಕ್ಕದಲ್ಲಿ ಕೂತು ಧೈರ್ಯ ಹೇಳುತ್ತಿರುವಂತೆ ಭಾಸವಾಗುತ್ತದೆ.

ಇದೇ ಹೊತ್ತಿಗೆ ನಮ್ಮಲ್ಲೂ ಮೆಟ್ಟಿಲುಗಳ, ಎಂದರೆ ವೀಣೆಯ ಫ್ರೆಟ್‌ಗಳ, ಲೆಕ್ಕ ನಡೆಯುತ್ತಿತ್ತು. 1550ರಲ್ಲಿ ವಿಜಯನಗರದಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯ 'ಸ್ವರಮೇಳಕಲಾನಿಧಿ' ಬರೆದ. ವೀಣೆಯ ಯಾವ ತಂತಿಯ ಕೆಳಗೆ ಯಾವ ಮೆಟ್ಟಿಲಲ್ಲಿ ಯಾವ ಸ್ವರ ಎಂದು ಅದರಲ್ಲಿ ವಿಸ್ತಾರವಾಗಿ ಹೇಳುತ್ತಾನೆ. ಒಂದು ಬಗೆಯ ವೀಣೆಗೆ ಅಚ್ಯುತರಾಯನ ಹೆಸರನ್ನೇ ಇಟ್ಟಿದ್ದಾನೆ. 1609ರಲ್ಲಿ ಸೋಮನಾಥ 'ರಾಗವಿಬೋಧ'ದಲ್ಲಿ ವೀಣಾವಾದನದ ಮೀಟು, ಗಮಕಗಳಿಗೆ ಗುರುತುಗಳನ್ನೇ ಕೊಟ್ಟ. ಆದರೂ ನಮ್ಮ ವೀಣೆಯ ಪಾಠ ಮೆಟ್ಟಿಲಿನ ಅಂಕಿಯ ಕಡೆ ಹೋಗಲಿಲ್ಲ. ನನ್ನ ತಾಯಿ ವೀಣೆ ನುಡಿಸುತ್ತಿದ್ದರು. ಎಡಗೈ ಒಂದೇ ಮೆಟ್ಟಿಲ ಮೇಲೆ ಕೂತಿರುವಾಗಲೇ ತಂತಿಯನ್ನು ಪಕ್ಕಕ್ಕೆ ಎಳೆದು ಮೇಲಿನ ಎರಡು ಮೂರು ಸ್ವರಗಳನ್ನು ಎತ್ತಿ ತರುತ್ತಿದ್ದರು. ಮೆಟ್ಟಿಲು ಒಂದು, ಸ್ವರ ನಾಲ್ಕು. ಅಲ್ಲಿ ಏಳನೇ ಮೆಟ್ಟಿಲು ಎಂದು ಬರೆದರೆ ಏನನ್ನೂ ಹೇಳಿದಂತಾಗದು. ಸರಿಗಮದ ಜೊತೆ ಗುರುವಿನ ಎದುರು ಕೂರುವುದೇ ಅದಕ್ಕೆ ತಕ್ಕ ವಿಧಾನ. ಯಾವ ಲಿಪಿ ಒಳ್ಳೆಯದು ಎಂಬುದನ್ನು ಆ ಸಂಗೀತವೇ ತೀರ್ಮಾನಿಸುತ್ತದೆ.

ಯುರೋಪಿನಲ್ಲಿ ಮುಂದೆ ಬರೆಯುವ ಬಗೆ ಇನ್ನೂ ಸರಳವಾಯಿತು. 1606ರಲ್ಲಿ ಫ್ಲಾರೆನ್ಸಿನಲ್ಲಿ ಜಿರೊಲಾಮೊ ಮಾಂಟೆಸಾರ್ಡೊ ಐದು ಸಾಲಿನ ಗಿಟಾರಿಗೆ ಒಂದೊಂದು ಕಾರ್ಡ್‌ಗೂ ಒಂದೊಂದು ಅಕ್ಷರ ಕೊಟ್ಟು ಪುಸ್ತಕ ಅಚ್ಚುಹಾಕಿಸಿದ. ಹಾಡಿನ ಸಾಹಿತ್ಯ, ಮೇಲೆ ಅಕ್ಷರ, ಕೈ ಮೇಲೆ ಕೆಳಗೆ ಬೀಸಲು ಸಣ್ಣ ಕಡ್ಡಿಗಳು. ಇಂದು ಕಾಲೇಜು ಹುಡುಗರು ಕನ್ನಡ ಸಿನಿಮಾ ಹಾಡಿನ ಮೇಲೆ ಕಾರ್ಡ್ ಹೆಸರು ಬರೆದುಕೊಳ್ಳುವುದು ಅದೇ ವಂಶದ್ದು. 1674ರ ಗಾಸ್ಪರ್ ಸಾನ್ಸ್‌ನ ಪುಸ್ತಕದಲ್ಲಿ ಅಕ್ಷರವೂ ಇದೆ, ಅಂಕಿಯೂ ಇದೆ.

ಆಮೇಲೆ ಟ್ಯಾಬ್ ಹಿಂದೆ ಸರಿಯಿತು. ಅದರ ಬಲವೇ ಅದರ ಮಿತಿಯೂ ಹೌದು. ಒಂದು ವಾದ್ಯಕ್ಕೆ, ಒಂದು ಶ್ರುತಿಗೆ ಬರೆದದ್ದನ್ನು ಪಿಟೀಲಿನವನು ಓದಲಾರ, ಹಾಡುಗಾರ ಓದಲಾರ. ಹದಿನೆಂಟನೆಯ ಶತಮಾನದಲ್ಲಿ ಲ್ಯೂಟಿನ ತಂತಿಸಾಲು 13ಕ್ಕೆ ಏರಿತು, ನುಡಿಸುವವರು ಕಡಿಮೆಯಾದರು. ಬಾಖ್ ತನ್ನ ಲ್ಯೂಟ್ ರಚನೆಗಳನ್ನು ಸ್ಟಾಫ್‌ನಲ್ಲೇ ಬರೆದ. ಅವುಗಳಲ್ಲಿ ಕೆಲವನ್ನು ಬೇರೆಯವರು ಟ್ಯಾಬ್‌ಗೆ ಇಳಿಸಿಕೊಂಡ ಪ್ರತಿಗಳು ಸಿಕ್ಕಿವೆ. ಆರು ಒಂಟಿ ತಂತಿಗಳ ಗಿಟಾರ್ ಬಂದು ಫರ್ನಾಂಡೊ ಸೋರ್, ಮೌರೊ ಜೂಲಿಯಾನಿ ಹೆಸರು ಮಾಡುವ ಹೊತ್ತಿಗೆ ಗಿಟಾರಿನ ಪುಸ್ತಕಗಳೂ ಸ್ಟಾಫ್‌ಗೆ ಬದಲಾಗಿದ್ದವು. ಹಳೆಯ ಟ್ಯಾಬ್ ಪುಸ್ತಕಗಳು ಗ್ರಂಥಾಲಯಗಳಲ್ಲಿ ಉಳಿದುಹೋದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಟಲಿಯ ಆಸ್ಕರ್ ಕಿಲೆಸೊಟ್ಟಿ ಅವುಗಳನ್ನು ಕೂತು ಓದಿ ಸ್ಟಾಫ್‌ಗೆ ಇಳಿಸಿದ. ಸಂಗೀತ ರಚನಕಾರ ರೆಸ್ಪೀಗಿ 1917ರಿಂದ ಆರ್ಕೆಸ್ಟ್ರಾಗೆ ಅಳವಡಿಸಿದ 'ಪ್ರಾಚೀನ ರಾಗಗಳು ಮತ್ತು ನೃತ್ಯಗಳು' ಈ ಓದಿನಿಂದ ಹುಟ್ಟಿದವು.

ಟ್ಯಾಬ್ ಜನರ ಕೈಗೆ ಮರಳಿದ್ದು ಅಮೆರಿಕದಲ್ಲಿ. ಪೀಟ್ ಸೀಗರ್ 1948ರಲ್ಲಿ ಐದು ತಂತಿ ಬ್ಯಾಂಜೋ ಕಲಿಸಲು ತಂದ ಸಣ್ಣ ಪುಸ್ತಕದಲ್ಲಿ ಟ್ಯಾಬ್ ಬಳಸಿದ. ಇಂದು ಟ್ಯಾಬ್‌ನಲ್ಲಿ ಬರುವ ಹ್ಯಾಮರ್-ಆನ್, ಪುಲ್-ಆಫ್ ಎಂಬ ಹೆಸರುಗಳು ಅವನಿಂದ ಬಳಕೆಗೆ ಬಂದವು. ಸ್ಟೆಫಾನ್ ಗ್ರಾಸ್‌ಮನ್ ಎಂಬ ತರುಣ 1960ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ರೆವರೆಂಡ್ ಗ್ಯಾರಿ ಡೇವಿಸ್ ಅವರ ಬಳಿ ಗಿಟಾರ್ ಕಲಿತ. ಡೇವಿಸ್ ಕೂಡ ಚಿಕ್ಕಂದಿನಿಂದ ಅಂಧರು, ರಸ್ತೆಬದಿಯಲ್ಲಿ ನುಡಿಸಿ ಬದುಕಿದ್ದವರು. ಹೆಬ್ಬೆರಳು ಮತ್ತು ತೋರುಬೆರಳು ಎರಡರಿಂದಲೇ ಅವರು ನುಡಿಸುತ್ತಿದ್ದುದನ್ನು ಗ್ರಾಸ್‌ಮನ್ ಟ್ಯಾಬ್‌ಗೆ ಇಳಿಸಿ ಪುಸ್ತಕಗಳಲ್ಲಿ ಹಂಚಿದ. ಕಪ್ಪು ಜನರ ಬ್ಲೂಸ್ ಗಿಟಾರ್ ಲೋಕದ ಮೂಲೆಮೂಲೆಗೆ ಮುಟ್ಟಿದ್ದರಲ್ಲಿ ಧ್ವನಿಮುದ್ರಿಕೆಯ ಜೊತೆಗೆ ಈ ಪುಸ್ತಕಗಳ ಪಾಲೂ ದೊಡ್ಡದು.

1990ರ ದಶಕದಲ್ಲಿ ಕಂಪ್ಯೂಟರ್ ಬಂತು. ಕೀಲಿಮಣೆಯ ಅಡ್ಡಗೆರೆಗಳನ್ನು ಸಾಲಾಗಿ ಒತ್ತಿ ಆರು ಗೆರೆ ಮಾಡಿ, ನಡುವೆ ಅಂಕಿ ಬರೆದು ಯಾರು ಬೇಕಾದರೂ ಯಾರಿಗೆ ಬೇಕಾದರೂ ಕಳಿಸಬಹುದಾಯಿತು. ಟ್ಯಾಬ್ ಹರಡಿದ್ದು ಇದರಿಂದ, ಬಡವಾಗಿದ್ದೂ ಇದರಿಂದಲೇ. ಪೆಟ್ರುಚ್ಚಿಯ ಪುಟದಲ್ಲಿ ಗೆರೆಗಳ ಮೇಲೆ ಕಾಲಸೂಚಕ ಕಡ್ಡಿಗಳಿದ್ದವು. ಬಾಲವಿದ್ದರೆ ಅರ್ಧ ಕಾಲ, ಎರಡು ಬಾಲವಿದ್ದರೆ ಅದರ ಅರ್ಧ. ಮಿಲಾನ್, ಮುದಾರ್ರ, ಡೌಲಂಡ್ ಯಾರೂ ಅದನ್ನು ಬಿಟ್ಟಿರಲಿಲ್ಲ. ಕೀಲಿಮಣೆಯಲ್ಲಿ ಆ ಕಡ್ಡಿ ಬರೆಯುವುದು ತಾಪತ್ರಯವೆಂದು ಹೆಚ್ಚಿನವರು ಕೈಬಿಟ್ಟರು. ಬೆರಳಿಗೆ ಜಾಗ ಸಿಕ್ಕಿತು, ಲಯ ಹೋಯಿತು.

ಇದರ ಪರಿಣಾಮವನ್ನು ನಾನು ಪಾಠದ ಕೋಣೆಯಲ್ಲಿ ಕಾಣುತ್ತಿರುತ್ತೇನೆ. ಹುಡುಗಿಯೊಬ್ಬಳು ಎರಡನೇ ಗೆರೆಯ 1 ನೋಡಿ ಎರಡನೇ ತಂತಿಯ ಮೊದಲ ಫ್ರೆಟ್ ಕಂಬಿಯ ಹಿಂದೆ ಬೆರಳಿಡುತ್ತಾಳೆ, ಆಮೇಲೆ 3, ಆಮೇಲೆ ಮೇಲಿನ ಗೆರೆಯ ಸೊನ್ನೆ. ಒಂದು ಅಂಕಿಯೂ ತಪ್ಪುವುದಿಲ್ಲ. ಆದರೆ ಎಲ್ಲ ಸ್ವರಗಳೂ ಒಂದೇ ಅಳತೆಯಲ್ಲಿ ಬೀಳುವುದರಿಂದ ತಾನು ದಿನವೂ ಗುನುಗುವ ಹಾಡು ಅವಳಿಗೇ ಗುರುತು ಸಿಗುವುದಿಲ್ಲ. "ಸರ್, ಇದು ಆ ಹಾಡೇನಾ?" ಎನ್ನುತ್ತಾಳೆ. ಗಿಟಾರ್ ಕೆಳಗಿಡಿಸಿ, ಹಾಡನ್ನು ಬಾಯಲ್ಲಿ ಹೇಳಿಸಿ, ತೊಡೆ ತಟ್ಟಿಸಿ ತಾಳ ಹಾಕಿಸುತ್ತೇನೆ. ತಟ್ಟು ಬಿದ್ದ ಅಂಕಿಗಳ ಕೆಳಗೆ ಪೆನ್ಸಿಲಿನಲ್ಲಿ ಗೀಟು ಎಳೆಸುತ್ತೇನೆ. ಮತ್ತೆ ಗಿಟಾರ್ ಎತ್ತಿಕೊಂಡಾಗ ಅದೇ ಅಂಕಿಗಳಿಂದ ಹಾಡು ಎದ್ದುಬರುತ್ತದೆ. ಟ್ಯಾಬ್ ವಿರುದ್ಧ ಹೇಳುವ ದೂರುಗಳಲ್ಲಿ ಹೆಚ್ಚಿನವು ನಿಜವಾಗಿ ಈ ಲಯವಿಲ್ಲದ ಟ್ಯಾಬ್‌ನ ಮೇಲಿನ ದೂರುಗಳು. ಹಳೆಯ, ಪೂರ್ಣವಾದ ಲಿಪಿಗೆ ಆ ಆಪಾದನೆ ತಟ್ಟುವುದಿಲ್ಲ.

ಆದ್ದರಿಂದ ಹೊಸದಾಗಿ ಕಲಿಯುತ್ತಿರುವವರಲ್ಲಿ ನನ್ನದೊಂದು ಕೇಳಿಕೆ. ಸ್ವಲ್ಪ ಕೈ ಪಳಗಿದ ಮೇಲೆ ನಿಮ್ಮ ಗಿಟಾರಿನ ಮೂರನೇ ತಂತಿಯನ್ನು ಅರ್ಧ ಸ್ವರ ಇಳಿಸಿ. ವಿಹುಯೆಲಾದ ತಂತಿಗಳ ನಡುವಿನ ಅಂತರ ನಿಮಗೆ ಸಿಕ್ಕಿತು. ಮಿಲಾನನ ಪುಸ್ತಕದ ಮೂಲ ಪುಟಗಳ ನೆರಳಚ್ಚು ಸುಲಭವಾಗಿ ದೊರೆಯುತ್ತದೆ. ಮೇಲಿನ ಗೆರೆ ತೆಳು ತಂತಿ, ಸೊನ್ನೆ ಬಿಟ್ಟ ತಂತಿ, ಗೆರೆಗಳ ಮೇಲಿರುವುದು ಕಾಲ. ನಿಮಗೆ ಗೊತ್ತಿರುವ ಟ್ಯಾಬ್ ಅಲ್ಲಿ ಹಾಗೆಯೇ ಇದೆ, ಯಾರ ಅನುವಾದವೂ ಬೇಡ. ಈಗಿನ ಹಾಡಿನ ಟ್ಯಾಬ್ ಓದುವಾಗ ಅದರಲ್ಲಿ ಕಾಲದ ಗುರುತು ಇಲ್ಲದಿದ್ದರೆ ಮೊದಲು ಹಾಡನ್ನು ಕೇಳಿ, ತಾಳ ಹಾಕಿ, ಆ ಗುರುತುಗಳನ್ನು ಪೆನ್ಸಿಲಿನಲ್ಲಿ ನೀವೇ ಬರೆದುಕೊಳ್ಳಿ. ಅಂಕಿಯ ಮೇಲೆ ಬೆರಳಿಡುವುದು ಅದಾದ ಮೇಲೆ.